ಮುರಿದ ಸೊಂಟದ ಕೀಲು, ಸಿಗದ ಸ್ಟಿಕ್ಕರ್

ಸಕಲೇಶಪುರದ ಹತ್ತಿರದ ಕಾಫಿ ತೋಟವೊಂದರಲ್ಲಿ ಮೂವತ್ತು ವರ್ಷ ರೈಟರ್ ಆಗಿದ್ದವರು ನನ್ನ ಸೋದರಮಾವ. ಹೋದ ವರ್ಷ ರೋಬಸ್ಟಾ ಕೊಯ್ಲಿನ ಹೊತ್ತು. ಬೆಳಿಗ್ಗೆ ಜಗಲಿಯಿಂದ ಕಣಕ್ಕೆ ಇಳಿಯಲು ಬಲಗಾಲು ಊರಿದರು, ಕಾಲು ನಿಲ್ಲಲಿಲ್ಲ. ಪಕ್ಕದ ಕಂಬ ಸಿಕ್ಕಿದ್ದರಿಂದ ಬೀಳಲಿಲ್ಲ. “ಒಣಗಿದ ಪುಳ್ಳೆ ಮುರಿದಂಗೆ ಒಳಗೇ ಟಕ್ ಅಂತು ಕಣಪ್ಪ, ಆಮೇಲೆ ಕಾಲು ನಂದಲ್ಲ ಅನ್ನೋ ಹಂಗಾಯ್ತು” ಎಂದು ಸಂಜೆ ಫೋನಿನಲ್ಲಿ ಹೇಳಿದರು. ಅಷ್ಟರಲ್ಲಿ ಅವರನ್ನು ಹಾಸನಕ್ಕೆ ಕರೆತಂದು ಎಕ್ಸ್‌ರೇ ತೆಗೆಸಿಯಾಗಿತ್ತು. ಒಂಬತ್ತು ವರ್ಷದ ಹಿಂದೆ ಹಾಕಿಸಿಕೊಂಡಿದ್ದ ಕೃತಕ ಕೀಲು. ತೊಡೆಮೂಳೆಯೊಳಗೆ ಬೆಳ್ಳಗೆ ಹೊಳೆಯುವ ಲೋಹದ ಕಡ್ಡಿ, ಅದರ ಮಧ್ಯಕ್ಕಿಂತ ಸ್ವಲ್ಪ ಮೇಲೆ ಅಡ್ಡಕ್ಕೊಂದು ಕಪ್ಪು ಗೆರೆ. ಕಡ್ಡಿ ಎರಡು ತುಂಡಾಗಿತ್ತು.

ಎಕ್ಸ್‌ರೇ ಬೆಳಕಿಗೆ ಹಿಡಿದ ಡಾಕ್ಟರು ನೋವು ಎಷ್ಟಿದೆ, ಬಿ.ಪಿ. ಇದೆಯಾ, ಸಕ್ಕರೆ ಇದೆಯಾ ಎಂದು ಕೇಳುವುದಕ್ಕೂ ಮೊದಲು ಕೇಳಿದ್ದು ಇದನ್ನು: “ಯಜಮಾನ್ರೇ, ಇದು ಯಾವ ಕಂಪನೀದು? ಸ್ಟಿಕ್ಕರ್ ಇದೆಯಾ?”

ಇರಲಿಲ್ಲ. ಕೀಲಿನ ಪೆಟ್ಟಿಗೆಯಲ್ಲಿ ಬರುವ, ಅದು ಯಾವುದೆಂದು ಹೇಳುವ ಅಂಟುಚೀಟಿ ಅದು. ಅತ್ತೆ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟಿದ್ದ ಹಳೆಯ ಡಿಸ್ಚಾರ್ಜ್ ಸಮ್ಮರಿಯಲ್ಲಿ ಆಪರೇಷನ್ ಬಗ್ಗೆ ಇದ್ದದ್ದು ಒಂದೇ ಸಾಲು: ಬಲಗಡೆಯ ಸೊಂಟದ ಕೀಲು ಪೂರ್ತಿ ಬದಲಾಯಿಸಿದೆ, ಸಿಮೆಂಟ್ ಬಳಸಿಲ್ಲ. ಕಂಪನಿ, ಮಾಡೆಲ್, ಸೈಜು, ಯಾವ ಬ್ಯಾಚಿನದೆಂದು ಹೇಳುವ ಲಾಟ್ ನಂಬರ್ ಒಂದೂ ಇಲ್ಲ. ಮೊದಲ ಆಪರೇಷನ್ ಆದ ಆಸ್ಪತ್ರೆಗೆ ನಾನೇ ಹೋದೆ. ರೆಕಾರ್ಡ್ ರೂಮಿನವರು ಒರಟಾಗಿ ಏನೂ ಮಾತಾಡಲಿಲ್ಲ. “ಅಷ್ಟು ಹಳೇ ಫೈಲ್ ಇಡಲ್ಲ ಸಾರ್, ವಿಲೇವಾರಿ ಮಾಡಿರ್ತೀವಿ” ಎಂದರು.

ಅವರು ಹೇಳಿದ್ದು ನಿಯಮಕ್ಕೆ ವಿರುದ್ಧವೇನೂ ಅಲ್ಲ, ಸಂಕಟ ಇರುವುದೇ ಅಲ್ಲಿ. ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಶುರುವಾದ ದಿನದಿಂದ ಮೂರು ವರ್ಷ ಇಟ್ಟರೆ ಸಾಕು ಎನ್ನುತ್ತದೆ ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿ. ಹತ್ತು ದಿನ ಜ್ವರ ಬಂದು ಹೋದವರ ಫೈಲಿಗೆ ಮೂರು ವರ್ಷ ಧಾರಾಳವಾಯಿತು. ಮೈಯೊಳಗೆ ಇಪ್ಪತ್ತು ವರ್ಷ ಕೂರಬೇಕಾದ ಲೋಹದ ಫೈಲಿಗೂ ಅದೇ ಮೂರು ವರ್ಷ. ಈ ಕೀಲುಗಳು ಕೈಕೊಡುವುದು ಹೆಚ್ಚಾಗಿ ಎಂಟು, ಹತ್ತು, ಹದಿನೈದು ವರ್ಷದ ಮೇಲೆ. ಕೈಕೊಡುವ ಹೊತ್ತಿಗೆ ಅದು ಯಾವುದು, ಎಲ್ಲಿಯದು, ಯಾವ ಬ್ಯಾಚಿನದು ಎಂದು ಹೇಳುವ ಕಾಗದ ಇಲ್ಲವಾಗಿರುತ್ತದೆ. ಮುರಿದ ಕೀಲಿನ ವಿಷಯದಲ್ಲಿ ನಮ್ಮ ಕಡೆಯ ರೋಗಿಗಳು ಪಡುವ ಪಾಡಿನ ದೊಡ್ಡ ಪಾಲು ಲೋಹದಿಂದ ಬಂದದ್ದಲ್ಲ, ಈ ಕಾಗದ ಇಲ್ಲದ್ದರಿಂದ ಬಂದದ್ದು ಎಂಬುದು ನನಗೆ ಈ ಒಂದು ವರ್ಷದ ಓಡಾಟದಲ್ಲಿ ಮನದಟ್ಟಾಗಿದೆ.

ಮೊದಲು ಒಳಗೆ ಏನಿರುತ್ತದೆ ನೋಡೋಣ. ನಮ್ಮೂರ ಕಡೆ “ಸೊಂಟದ ಬಾಲ್ ಚೇಂಜ್ ಮಾಡಿಸಿದ್ದಾರೆ” ಎನ್ನುತ್ತಾರೆ. ಬದಲಾಗುವುದು ಬಾಲ್ ಒಂದೇ ಅಲ್ಲ. ಸೊಂಟದ ಮೂಳೆಯಲ್ಲಿರುವ ಬಟ್ಟಲಿನಂಥ ಗುಳಿಗೆ ಲೋಹದ ಕಪ್ ಕೂರಿಸುತ್ತಾರೆ. ಅದರೊಳಗೆ ಪ್ಲಾಸ್ಟಿಕ್ ಅಥವಾ ಸೆರಾಮಿಕ್‌ನ ಲೈನರ್. ತೊಡೆಮೂಳೆಯ ತಲೆಯನ್ನು ಕತ್ತರಿಸಿ ತೆಗೆದು, ಮೂಳೆಯ ಟೊಳ್ಳಿನೊಳಗೆ ಸ್ಟೆಮ್ ಎಂಬ ಕಡ್ಡಿ ಇಳಿಸುತ್ತಾರೆ. ಸಾಮಾನ್ಯವಾಗಿ ಟೈಟಾನಿಯಂ ಮಿಶ್ರಲೋಹ, ಕೋಬಾಲ್ಟ್–ಕ್ರೋಮಿಯಂ ಇಲ್ಲವೇ ಸ್ಟೇನ್‌ಲೆಸ್ ಸ್ಟೀಲಿನದು. ಕಡ್ಡಿಯ ಕೊನೆಯ ಮೊನಚಾದ ಕುತ್ತಿಗೆಗೆ ಗುಂಡನೆಯ ಹೆಡ್ ಕೂರುತ್ತದೆ. ಈ ಏರ್ಪಾಡನ್ನು ಇಂದಿನ ರೂಪಕ್ಕೆ ತಂದವರು ಇಂಗ್ಲೆಂಡಿನ ಜಾನ್ ಚಾರ್ನ್‌ಲಿ. ಅವರು ಮೊದಲು ಬಟ್ಟಲಿಗೆ ಬಳಸಿದ್ದು ಟೆಫ್ಲಾನ್. ಕೆಲವೇ ವರ್ಷಗಳಲ್ಲಿ ಅದು ಸವೆದು, ಸವೆದ ಪುಡಿ ಸುತ್ತಲ ಮೂಳೆಯನ್ನೇ ಹಾಳುಮಾಡಿತು. ಆ ರೋಗಿಗಳನ್ನು ಮತ್ತೆ ಕರೆಸಿ, ಮತ್ತೆ ಆಪರೇಷನ್ ಮಾಡಿದರು. 1962ರಲ್ಲಿ ಗಟ್ಟಿ ಪಾಲಿಥಿಲೀನ್‌ಗೆ ಬದಲಾಯಿಸಿದ ಮೇಲೆಯೇ ಈ ಶಸ್ತ್ರಚಿಕಿತ್ಸೆ ಜಗತ್ತಿನಾದ್ಯಂತ ಹರಡಿದ್ದು. ತಪ್ಪು ತಿದ್ದಿಕೊಳ್ಳಲು ಅವರಿಗೆ ಆದದ್ದು ಯಾರಿಗೆ ಏನು ಹಾಕಿದ್ದೇನೆ ಎಂಬ ಲೆಕ್ಕ ಅವರ ಬಳಿ ಇದ್ದದ್ದರಿಂದ.

ಒಂದು ಮಾತು ಇಲ್ಲೇ ಹೇಳಬೇಕು: ಇದು ಒಳ್ಳೆಯ ಶಸ್ತ್ರಚಿಕಿತ್ಸೆ. ಲಕ್ಷಾಂತರ ಜನ ಎದ್ದು ಓಡಾಡುತ್ತಿದ್ದಾರೆ. ಆಸ್ಟ್ರೇಲಿಯಾ, ಫಿನ್ಲೆಂಡ್ ದೇಶಗಳ ದಾಖಲೆಗಳನ್ನು ಒಟ್ಟುಮಾಡಿ 2019ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದ ಪ್ರಕಾರ ಹಾಕಿಸಿಕೊಂಡ ಕೀಲುಗಳಲ್ಲಿ ಶೇ 89ರಷ್ಟು 15 ವರ್ಷ, ಶೇ 70ರಷ್ಟು 20 ವರ್ಷ, ಶೇ 58ರಷ್ಟು 25 ವರ್ಷ ಬಾಳುತ್ತವೆ. ಕಡ್ಡಿ ಮುರಿಯುವುದಂತೂ ಅಪರೂಪ. ಈ ಲೇಖನ ಓದಿ ಯಾರೂ ಆಪರೇಷನ್ ಬೇಡವೆಂದು ಮಲಗಬಾರದು. ಆದರೆ 45ರ ವಯಸ್ಸಿನಲ್ಲಿ ಹಾಕಿಸಿಕೊಂಡವರಿಗೆ 25 ವರ್ಷವೆಂದರೆ 70. ಅವರ ಬದುಕಿನಲ್ಲಿ ಎರಡನೆಯ ಆಪರೇಷನ್ ಬರುವ ಸಾಧ್ಯತೆ ಇದ್ದೇ ಇದೆ, ಅದನ್ನು ಮೊದಲ ದಿನವೇ ತಿಳಿದಿರಬೇಕು.

ನಮ್ಮಲ್ಲಿ ಹೀಗೆ ಚಿಕ್ಕ ವಯಸ್ಸಿಗೇ ಕೀಲು ಬದಲಾಯಿಸಿಕೊಳ್ಳುವವರು ಬಹಳ. ಪಶ್ಚಿಮದ ದೇಶಗಳಲ್ಲಿ ಇದು ಹೆಚ್ಚಾಗಿ ಮುದುಕರ ಸವಕಳಿಯ ಕಾಯಿಲೆಗೆ ಮಾಡುವ ಆಪರೇಷನ್. ಭಾರತದಲ್ಲಿ ದೊಡ್ಡ ಕಾರಣ ಎ.ವಿ.ಎನ್., ಅಂದರೆ ತೊಡೆಮೂಳೆಯ ತಲೆಗೆ ರಕ್ತ ಹರಿಯುವುದು ನಿಂತು ಅದು ಒಳಗೇ ಸತ್ತು ಕುಸಿಯುವುದು. ಹೆಂಡದ ಚಟ, ಬಹಳ ದಿನ ಸ್ಟೆರಾಯ್ಡ್ ತೆಗೆದುಕೊಂಡಿರುವುದು ಇದಕ್ಕೆ ಮುಖ್ಯ ಕಾರಣಗಳು. ಕೋವಿಡ್ ವೇಳೆ ಹೆಚ್ಚಿನ ಪ್ರಮಾಣದಲ್ಲಿ ಸ್ಟೆರಾಯ್ಡ್ ಪಡೆದ ಕೆಲವರಲ್ಲೂ ಕಾಣಿಸಿಕೊಂಡಿತು. ಮಲೆನಾಡಿಗೆ ತನ್ನದೇ ಒಂದು ದುಃಖವೂ ಇದೆ. ಸಾಗರದ ಹಂದಿಗೋಡಿನಲ್ಲಿ 1970ರ ದಶಕದ ನಡುವೆ ಗುರುತಾಗಿ ಆ ಊರಿನ ಹೆಸರನ್ನೇ ಪಡೆದ ಹಂದಿಗೋಡು ಕಾಯಿಲೆ ಮುಖ್ಯವಾಗಿ ಕೆಡಿಸುವುದು ಸೊಂಟದ ಕೀಲನ್ನು. ಚಿಕ್ಕಮಗಳೂರು ಜಿಲ್ಲೆಯ ಹಳ್ಳಿಗಳಲ್ಲೂ ಅದರ ರೋಗಿಗಳಿದ್ದಾರೆ. ಬಹುಪಾಲು ದಲಿತ ಕೂಲಿಕಾರ ಕುಟುಂಬಗಳು. ಅವರಿಗೆ ಕೃತಕ ಕೀಲು ಹಾಕಿದರೆ ಅದು ಎಷ್ಟು ವರ್ಷ ದುಡಿಯಬೇಕು ಯೋಚಿಸಿ.

ದುಡಿಯುವುದೆಂದೆ. ನಡೆಯುವಾಗ ಸೊಂಟದ ಕೀಲಿನ ಮೇಲೆ ಬೀಳುವ ಭಾರ ಮೈತೂಕದ ಎರಡೂವರೆಯಿಂದ ಮೂರು ಪಟ್ಟು. ಎಡವಿದ ಕ್ಷಣದಲ್ಲಿ ಏಳೆಂಟು ಪಟ್ಟು. ಒಂದು ಕಾಲು ವರ್ಷಕ್ಕೆ ಸುಮಾರು ಹತ್ತು ಲಕ್ಷ ಹೆಜ್ಜೆ ಹಾಕುತ್ತದೆ. ಸ್ಟೆಮ್ ಮಾರುಕಟ್ಟೆಗೆ ಬರುವ ಮೊದಲು ಅದನ್ನು ಯಂತ್ರಕ್ಕೆ ಕಟ್ಟಿ 50 ಲಕ್ಷ ಬಾರಿ ಒತ್ತಿ ಪರೀಕ್ಷಿಸುತ್ತಾರೆ. ಅಂತರರಾಷ್ಟ್ರೀಯ ಮಾನದಂಡವೇ ಅದು. ಹೆಜ್ಜೆಯ ಲೆಕ್ಕದಲ್ಲಿ ಅದು ಐದು ವರ್ಷ. ಪರೀಕ್ಷೆಯ ಒತ್ತಡ ಕಠಿಣವಾಗಿರುತ್ತದೆ, ಸರಿಯಾಗಿ ಕೂತ ಕಡ್ಡಿ ಅದಕ್ಕಿಂತ ಎಷ್ಟೋ ಪಾಲು ಬಾಳುತ್ತದೆ. ಆದರೂ ತೋಟದ ಇಳಿಜಾರಿನಲ್ಲಿ ದಿನಕ್ಕೆ ನಾಲ್ಕು ಸಲ ಹತ್ತಿ ಇಳಿಯುವವರ ಹೆಜ್ಜೆಯನ್ನೂ ಬೆಂಗಳೂರಿನಲ್ಲಿ ಲಿಫ್ಟಿನಲ್ಲಿ ಓಡಾಡುವವರ ಹೆಜ್ಜೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಹಾಗಾದರೆ ಕಬ್ಬಿಣದಂಥದ್ದು ಮುರಿಯುವುದು ಹೇಗೆ? ಬೇಲಿಯ ಗೂಟ ನೆನಪಿಸಿಕೊಳ್ಳಿ. ಬುಡ ಗಟ್ಟಿಯಾಗಿ ಹೂತಿದ್ದು, ಮೇಲಿನ ಮಣ್ಣು ಮಳೆಗೆ ಸಡಿಲವಾಯಿತೆನ್ನಿ. ದನ ಮೈ ತಿಕ್ಕಿದಾಗಲೆಲ್ಲ ಗೂಟ ಸಡಿಲ ಮಣ್ಣಿನಲ್ಲಿ ಅಲ್ಲಾಡುತ್ತದೆ, ಗಟ್ಟಿ ಮಣ್ಣು ಶುರುವಾಗುವ ಜಾಗದಲ್ಲಿ ಬಾಗುತ್ತದೆ, ಒಂದು ದಿನ ಸರಿಯಾಗಿ ಅಲ್ಲೇ ಮುರಿಯುತ್ತದೆ. ಸ್ಟೆಮ್ ಮುರಿಯುವುದೂ ಹೀಗೆಯೇ. ಲೈನರ್ ಸವೆದಾಗ ಏಳುವ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಪುಡಿಯನ್ನು ದೇಹ ಹೊರಗಿನ ಶತ್ರುವೆಂದು ತಿಳಿದು ಹೋರಾಡುತ್ತದೆ. ಆ ಹೋರಾಟದಲ್ಲಿ ಕರಗುವುದು ಸುತ್ತಲಿನ ಮೂಳೆ. ತೊಡೆಮೂಳೆಯ ಮೇಲಿನ ಭಾಗ ಕರಗಿ ಕಡ್ಡಿಗೆ ಅಲ್ಲಿ ಆಸರೆ ತಪ್ಪುತ್ತದೆ, ತುದಿ ಮಾತ್ರ ಕೆಳಗೆ ಬಿಗಿಯಾಗಿ ಕಚ್ಚಿಕೊಂಡಿರುತ್ತದೆ. ಪ್ರತಿ ಹೆಜ್ಜೆಗೂ ಲೋಹ ಕೂದಲೆಳೆಯಷ್ಟು ಬಾಗುತ್ತದೆ. ಬಾಗಿ ಬಾಗಿ ಹೊರ ಅಂಚಿನಲ್ಲಿ ಸೂಕ್ಷ್ಮ ಬಿರುಕು ಹುಟ್ಟುತ್ತದೆ, ಲಕ್ಷಾಂತರ ಹೆಜ್ಜೆಗಳಲ್ಲಿ ಒಳಕ್ಕೆ ಸರಿಯುತ್ತದೆ. ಕೊನೆಯ ಹೆಜ್ಜೆ ಜಗಲಿಯಿಂದ ಕಣಕ್ಕೆ ಇಳಿಯುವಷ್ಟು ಸಣ್ಣದಿದ್ದರೂ ಸಾಕು. “ನೀವು ಎಲ್ಲೋ ಬಿದ್ದಿರಬೇಕು” ಎಂದು ರೋಗಿಯ ಮೇಲೆ ಹಾಕುವ ಮಾತು ಎಷ್ಟೋ ಸಲ ಸುಳ್ಳಾಗುವುದು ಇದಕ್ಕೇ. ಮೈತೂಕಕ್ಕೆ ಸಾಲದಷ್ಟು ಸಣ್ಣ ಸೈಜಿನ ಕಡ್ಡಿ ಹಾಕಿದ್ದರೆ, ಅದನ್ನು ಓರೆಯಾಗಿ ಕೂರಿಸಿದ್ದರೆ, ಎರಕದಲ್ಲೇ ದೋಷವಿದ್ದರೆ ಈ ದಿನ ಬೇಗ ಬರುತ್ತದೆ. ಇವುಗಳಲ್ಲಿ ಯಾವುದು ಕಾರಣ ಎಂದು ಹೇಳಬೇಕಾದರೆ ಕೈಯಲ್ಲಿ ಮುರಿದ ತುಂಡೂ ಇರಬೇಕು, ಅದರ ನಂಬರೂ ಇರಬೇಕು.

ಮುರಿಯುವುದು ಕಡ್ಡಿ ಒಂದೇ ಅಲ್ಲ. ಕುತ್ತಿಗೆ ಮತ್ತು ಕಡ್ಡಿ ಬೇರೆ ಬೇರೆಯಾಗಿದ್ದು ಆಪರೇಷನ್ ವೇಳೆ ಜೋಡಿಸುವ ಮಾದರಿಗಳಲ್ಲಿ ಜೋಡಣೆಯ ಸಂದಿಯೇ ತಿಕ್ಕಾಡಿ ತುಕ್ಕು ಹಿಡಿಯುತ್ತದೆ. ಸ್ಟ್ರೈಕರ್ ಕಂಪನಿ 2012ರ ಜುಲೈನಲ್ಲಿ ಇಂಥ ಎರಡು ಮಾದರಿಗಳನ್ನು ಮಾರುಕಟ್ಟೆಯಿಂದ ವಾಪಸು ಪಡೆಯಿತು. ಸೆರಾಮಿಕ್ ಗುಂಡು ಪಿಂಗಾಣಿಯಂತೆ ಚೂರಾಗುವುದುಂಟು. ಅಪರೂಪ, ಆದರೆ ಆದಾಗ ಕೀಲಿನ ತುಂಬ ಹರಳು ಹರಳು. ಎಷ್ಟು ತೊಳೆದರೂ ಒಂದಷ್ಟು ಉಳಿದೇ ಉಳಿಯುತ್ತದೆ. ಹಾಗಾಗಿ ಆ ಜಾಗಕ್ಕೆ ಲೋಹದ ಗುಂಡು ಹಾಕಿದರೆ ಉಳಿದ ಚೂರುಗಳು ಅದನ್ನು ಮರಳು ಕಾಗದದಂತೆ ಉಜ್ಜಿಬಿಡುತ್ತವೆ, ಮತ್ತೆ ಸೆರಾಮಿಕ್ಕನ್ನೇ ಹಾಕಬೇಕು. ಮೊದಲು ಇದ್ದದ್ದು ಸೆರಾಮಿಕ್ ಎಂದು ಮುಂಚೆಯೇ ತಿಳಿದಿದ್ದರೆ ಸರಿಯಾದ ಸಾಮಾನು ತರಿಸಿಟ್ಟುಕೊಂಡು ಶುರುಮಾಡಬಹುದು.

ಒಂದು ಗೊಂದಲ ಬಿಡಿಸಿ ಮುಂದಕ್ಕೆ ಹೋಗುತ್ತೇನೆ. ಹಳ್ಳಿಗಳಲ್ಲಿ “ರಾಡ್ ಮುರಿದಿದೆ” ಎಂದು ಬರುವವರಲ್ಲಿ ಅನೇಕರದು ಕೃತಕ ಕೀಲೇ ಅಲ್ಲ. ಬಿದ್ದು ತೊಡೆಯ ಮೇಲ್ಭಾಗ ಮುರಿದಾಗ ಮೂಳೆ ಕೂಡಿಕೊಳ್ಳಲೆಂದು ಹಾಕಿದ ಪ್ಲೇಟು, ಸ್ಕ್ರೂ, ನೈಲ್ ಅದು. ಅಲ್ಲಿ ಮೂಳೆ ಕೂಡುವುದಕ್ಕೂ ಲೋಹ ದಣಿಯುವುದಕ್ಕೂ ಪೈಪೋಟಿ. ತಿಂಗಳುಗಟ್ಟಲೆ ಮೂಳೆ ಕೂಡದಿದ್ದರೆ ಲೋಹ ಸೋಲುತ್ತದೆ. ವಯಸ್ಸಾದವರಿಗೆ ಅರ್ಧ ಕೀಲು ಮಾತ್ರ ಬದಲಾಯಿಸುವ ಆಸ್ಟಿನ್ ಮೂರ್, ಬೈಪೋಲಾರ್ ಎಂಬುವೂ ಇವೆ. ಮೂರರ ಸಮಸ್ಯೆಯೂ ಬೇರೆ, ಮದ್ದೂ ಬೇರೆ. ನಮಗೆ ಯಾವುದನ್ನು ಹಾಕಿದ್ದಾರೆ ಎಂಬುದು ಗೊತ್ತಿರದ ಮನೆಗಳನ್ನು ನಾನು ಬೇಲೂರು, ಆಲೂರು ಕಡೆ ಎಷ್ಟೋ ಕಂಡಿದ್ದೇನೆ.

ಇನ್ನು ಎರಡನೆಯ ಆಪರೇಷನ್. ಡಾಕ್ಟರುಗಳು ರಿವಿಷನ್ ಎನ್ನುತ್ತಾರೆ. ಪರೀಕ್ಷೆಗೆ ಮುಂಚೆ ಪಾಠ ಇನ್ನೊಮ್ಮೆ ಓದಿಕೊಂಡಂತೆ ಕೇಳಿಸುವ ಹಗುರ ಪದ. ಮೊದಲನೆಯದಕ್ಕಿಂತ ಇದು ಎಷ್ಟೋ ಕಷ್ಟದ್ದು. ಮೊದಲು ಒಳಗೆ ಸೋಂಕಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು: ಇ.ಎಸ್.ಆರ್., ಸಿ.ಆರ್.ಪಿ. ರಕ್ತಪರೀಕ್ಷೆ, ಸಂಶಯವಿದ್ದರೆ ಕೀಲಿನಿಂದ ಸೂಜಿ ಹಾಕಿ ನೀರು ತೆಗೆದು ಪರೀಕ್ಷೆ. ಸೋಂಕಿದ್ದರೆ ಸಾಮಾನ್ಯವಾಗಿ ಒಂದರ ಬದಲು ಎರಡು ಆಪರೇಷನ್. ಮೊದಲು ಎಲ್ಲ ತೆಗೆದು ಆಂಟಿಬಯಾಟಿಕ್ ಬೆರೆಸಿದ ಸಿಮೆಂಟಿನ ತಾತ್ಕಾಲಿಕ ಕೀಲು, ಕೆಲವು ವಾರ ಇಲ್ಲವೇ ತಿಂಗಳು ಕಳೆದ ಮೇಲೆ ಹೊಸದು. ಮಾವನಿಗೆ ಸೋಂಕಿರಲಿಲ್ಲ. ಆದರೆ ಮುರಿದ ಕಡ್ಡಿಯ ಕೆಳಗಿನ ತುಂಡು ಮೂಳೆಯ ಆಳದಲ್ಲಿ ಬಿಗಿಯಾಗಿ ಕೂತಿತ್ತು. ಮೇಲಿನಿಂದ ಹಿಡಿದು ಎಳೆಯಲು ತಲೆಯೇ ಇಲ್ಲ. ಡಾಕ್ಟರು ಕಾಗದದ ಮೇಲೆ ಬರೆದು ತೋರಿಸಿದರು: ತೊಡೆಮೂಳೆಯ ಹೊರಮೈಯನ್ನು ಉದ್ದಕ್ಕೆ, ಒಂದು ಗೇಣಿಗೆ ಸ್ವಲ್ಪ ಕಡಿಮೆ, ಬಿದಿರು ಸೀಳಿದ ಹಾಗೆ ಕತ್ತರಿಸಿ ಬಾಗಿಲಿನಂತೆ ತೆರೆಯಬೇಕು. ಆ ಕಿಂಡಿಯಿಂದ ತುಂಡು ತೆಗೆದು, ಮೊದಲಿಗಿಂತ ಉದ್ದದ ಹೊಸ ಕಡ್ಡಿ ಇಳಿಸಿ, ತೆರೆದ ಮೂಳೆಯನ್ನು ಮುಚ್ಚಿ ತಂತಿಯಿಂದ ಬಿಗಿಯಬೇಕು. ಅತ್ತೆ ಆ ಚಿತ್ರವನ್ನು ನೋಡಿ ಏನೂ ಮಾತಾಡದೆ ಹೊರಗೆ ಹೋಗಿ ಕೂತರು.

ಸ್ಟಿಕ್ಕರ್ ಯಾಕೆ ಬೇಕಿತ್ತೆಂದು ಅರ್ಥವಾದದ್ದು ಆಗ. ಮಾವನ ಮೇಲಿನ ಕಪ್ ಗಟ್ಟಿಯಾಗಿಯೇ ಇತ್ತು. ಗಟ್ಟಿ ಇರುವ ಕಪ್ಪನ್ನು ಹಾಗೇ ಬಿಟ್ಟು ಒಳಗಿನ ಲೈನರ್ ಮಾತ್ರ ಬದಲಾಯಿಸಬಹುದು. ಆದರೆ ಒಂದು ಕಂಪನಿಯ ಲೈನರ್ ಇನ್ನೊಂದರ ಕಪ್ಪಿಗೆ ಕಚ್ಚುವುದಿಲ್ಲ, ಅದೇ ಕಂಪನಿಯ ಅದೇ ಮಾದರಿಯ ಅದೇ ಸೈಜಿನದೇ ಆಗಬೇಕು. ಹೆಡ್ಡಿಗೂ ಕುತ್ತಿಗೆಗೂ ಇದೇ ಮಾತು, ಮೊನೆಯ ಕೋನ ಒಂದಿಷ್ಟು ಬೇರೆಯಾದರೂ ಆಗದು. ಕಡ್ಡಿ ಕೀಳುವ ಸಲಕರಣೆಯೂ ಕಂಪನಿಗೊಂದು ತರಹ. ಆ ಪೆಟ್ಟಿಗೆಗೆ ಆಸ್ಪತ್ರೆಯವರು “ಸೆಟ್” ಎನ್ನುತ್ತಾರೆ. ಅದು ಆಸ್ಪತ್ರೆಯಲ್ಲಿ ಇರುವುದಿಲ್ಲ, ಡೀಲರ್ ಕಡೆಯಿಂದ ಬೆಂಗಳೂರಿನಿಂದಲೋ ಮಂಗಳೂರಿನಿಂದಲೋ ಬರಬೇಕು. ಯಾವ ಸೆಟ್ ತರಿಸುವುದೆಂದು ತಿಳಿಯದಿದ್ದರೆ ಡಾಕ್ಟರಿಗೆ ಉಳಿಯುವ ದಾರಿ ಸಾಮಾನ್ಯವಾಗಿ ಎರಡು. ಎಕ್ಸ್‌ರೇಯ ಆಕಾರ ನೋಡಿ ಯಾವ ಕಂಪನಿಯದೆಂದು ಅಂದಾಜು ಮಾಡುವುದು. ಅದಾಗದಿದ್ದರೆ ಚೆನ್ನಾಗಿರುವ ಕಪ್ಪನ್ನೂ ಮೂಳೆಯಿಂದ ಕಿತ್ತು ಎಲ್ಲವನ್ನೂ ಹೊಸದು ಹಾಕುವುದು. ಮಾವನಿಗೆ ಆದದ್ದು ಎರಡನೆಯದು. ಕಪ್ ಕೀಳುವಾಗ ಅದರ ಜೊತೆ ಮೂಳೆಯೂ ಬಂತು, ರಕ್ತ ಹೆಚ್ಚು ಹೋಯಿತು, ಎರಡು ತಾಸು ಹೆಚ್ಚು ಹಿಡಿಯಿತು. ಬೆರಳಗಲದ ಒಂದು ಸ್ಟಿಕ್ಕರ್ ಇದ್ದಿದ್ದರೆ ಇಷ್ಟನ್ನೂ ಉಳಿಸಬಹುದಿತ್ತು. ಆ ಸ್ಟಿಕ್ಕರ್ ಎಲ್ಲೂ ಇಲ್ಲದ ವಸ್ತುವೇನಲ್ಲ. ಪ್ರತಿ ಇಂಪ್ಲಾಂಟ್ (ಮೈಯೊಳಗೆ ಕೂರಿಸುವ ಸಾಧನ) ಪೆಟ್ಟಿಗೆಯಲ್ಲೂ ಕಿತ್ತು ಅಂಟಿಸುವ ನಾಲ್ಕಾರು ಸ್ಟಿಕ್ಕರ್ ಇರುತ್ತವೆ. ಒಂದು ಕೇಸ್ ಶೀಟಿಗೆ ಹೋಗುತ್ತದೆ, ಒಂದು ಬಿಲ್ಲಿಗೆ. ಇನ್ನೊಂದು ರೋಗಿಯ ಕೈಗೆ ಹೋದರೆ ಯಾರಿಗೂ ಒಂದು ರೂಪಾಯಿ ಖರ್ಚಿಲ್ಲ.

ಕಾಗದ ಇಲ್ಲದಿದ್ದರೆ ಒಂದು ದೇಶವೇ ಹೇಗೆ ತನ್ನ ರೋಗಿಗಳನ್ನು ಕಳೆದುಕೊಳ್ಳುತ್ತದೆ ಎಂಬುದಕ್ಕೆ ಎ.ಎಸ್.ಆರ್. ಪ್ರಕರಣ ನೋಡಬೇಕು. ಜಾನ್ಸನ್ ಅಂಡ್ ಜಾನ್ಸನ್ ಒಡೆತನದ ಡಿಪ್ಯೂ ಕಂಪನಿಯ ಈ ಕೀಲಿನಲ್ಲಿ ಗುಂಡೂ ಲೋಹ, ಬಟ್ಟಲೂ ಲೋಹ. ಎರಡೂ ಉಜ್ಜಿ ಕೋಬಾಲ್ಟ್, ಕ್ರೋಮಿಯಂ ಕಣಗಳು ಸುತ್ತಲ ಮಾಂಸಕ್ಕೂ ರಕ್ತಕ್ಕೂ ಸೇರುತ್ತಿದ್ದವು. ಆಸ್ಟ್ರೇಲಿಯಾದಲ್ಲಿ 1999ರಿಂದ ಹಾಕಿದ ಪ್ರತಿ ಕೀಲಿನ ಲೆಕ್ಕ ಇಡುವ ರಾಷ್ಟ್ರೀಯ ರಿಜಿಸ್ಟ್ರಿ ಇದೆ. ಈ ಮಾದರಿ ಬೇರೆಯವಕ್ಕಿಂತ ಬೇಗ ಕೆಡುತ್ತಿದೆ ಎಂದು ಮೊದಲು ಎಚ್ಚರಿಸಿದ್ದು ಆ ಲೆಕ್ಕವೇ. 2009ರ ಕೊನೆಗೆ ಅಲ್ಲಿ ಅದನ್ನು ಹಿಂತೆಗೆದರು. ಇಂಗ್ಲೆಂಡ್ ಮತ್ತು ವೇಲ್ಸ್‌ನ ರಿಜಿಸ್ಟ್ರಿ ಐದು ವರ್ಷಕ್ಕೇ ಶೇ 12–13ರಷ್ಟು ರೋಗಿಗಳಿಗೆ ಮರು ಆಪರೇಷನ್ ಬೇಕಾಗಿದೆ ಎಂದು ತೋರಿಸಿತು. 2010ರ ಆಗಸ್ಟ್‌ನಲ್ಲಿ ಕಂಪನಿ ಜಗತ್ತಿನೆಲ್ಲೆಡೆಯಿಂದ ಅದನ್ನು ವಾಪಸು ಪಡೆಯಿತು. ಅಷ್ಟರಲ್ಲಿ ಸುಮಾರು 93,000 ಜನಕ್ಕೆ ಹಾಕಿಯಾಗಿತ್ತು.

ಭಾರತದಲ್ಲಿ ಹಾಕಿಸಿಕೊಂಡವರು ಸುಮಾರು 4,700. ನಮ್ಮ ಔಷಧ ನಿಯಂತ್ರಣ ಸಂಸ್ಥೆ ಸಾರ್ವಜನಿಕ ಎಚ್ಚರಿಕೆ ಹೊರಡಿಸಿದ್ದು 2013ರ ಡಿಸೆಂಬರ್‌ನಲ್ಲಿ, ಕಂಪನಿ ವಾಪಸು ಪಡೆದ ಮೂರು ವರ್ಷಕ್ಕೂ ಮೇಲೆ. ಕೇಂದ್ರ ಸರ್ಕಾರ ತಜ್ಞರ ಸಮಿತಿ ನೇಮಿಸಿದ್ದು 2017ರಲ್ಲಿ. ಆಗ ಹುಡುಕಲು ಹೊರಟರೆ ಮೂರೂವರೆ ಸಾವಿರದಷ್ಟು ರೋಗಿಗಳು ಎಲ್ಲಿದ್ದಾರೆಂಬುದೇ ಪತ್ತೆಯಿಲ್ಲ. 2018ರ ನವೆಂಬರ್‌ನಲ್ಲಿ ಸರ್ಕಾರ 30 ಲಕ್ಷದಿಂದ 1.23 ಕೋಟಿ ರೂಪಾಯಿವರೆಗಿನ ಪರಿಹಾರದ ಸೂತ್ರ ಒಪ್ಪಿತು, ಕಂಪನಿ ದೆಹಲಿ ಹೈಕೋರ್ಟಿಗೆ ಹೋಯಿತು. 2019ರಲ್ಲಿ, ಪರಿಶೀಲನೆಯಲ್ಲಿ ಖಚಿತವಾದ 67 ಜನಕ್ಕೆ ತಲಾ 25 ಲಕ್ಷ ಕೊಡುವುದಾಗಿ ಹೇಳಿತು. ಅಮೆರಿಕದಲ್ಲಿ ಇದೇ ಕೀಲಿಗೆ 2013ರಲ್ಲೇ ಸುಮಾರು 8,000 ರೋಗಿಗಳಿಗೆ 250 ಕೋಟಿ ಡಾಲರಿನ ಒಪ್ಪಂದವಾಗಿತ್ತು. ನಾಲ್ಕು ಸಾವಿರದ ಏಳುನೂರು ಎಲ್ಲಿ, ಅರವತ್ತೇಳು ಎಲ್ಲಿ. ನಡುವೆ ಕಾಣೆಯಾದವರಲ್ಲಿ ನೋವು ವಯಸ್ಸಿನದೆಂದು ಸಹಿಸಿಕೊಂಡು ಕೂತವರು ಎಷ್ಟು ಮಂದಿಯೋ. ತಮ್ಮೊಳಗಿರುವುದು ವಾಪಸು ಪಡೆದ ಮಾಲು ಎಂದು ತಿಳಿಯಲು ಅವರ ಕೈಯಲ್ಲಿ ಒಂದು ಹೆಸರಾದರೂ ಇರಬೇಕಿತ್ತು.

ಸ್ವೀಡನ್ ತನ್ನ ಸೊಂಟದ ಕೀಲಿನ ರಿಜಿಸ್ಟ್ರಿ ಶುರುಮಾಡಿದ್ದು 1979ರಲ್ಲಿ. ನಮ್ಮಲ್ಲಿ ಶಸ್ತ್ರವೈದ್ಯರ ಸಂಘವೊಂದು ನಡೆಸುವ ರಿಜಿಸ್ಟ್ರಿ ಇದೆ, ಅದಕ್ಕೆ ಮಾಹಿತಿ ಕೊಡುವುದು ವೈದ್ಯರ ಇಚ್ಛೆ. ಯುರೋಪಿನಲ್ಲಿ 2017ರ ವೈದ್ಯಕೀಯ ಸಾಧನಗಳ ಕಾನೂನು, ಇಂಪ್ಲಾಂಟ್ ಹಾಕಿಸಿಕೊಂಡವರಿಗೆ ಅದರ ಹೆಸರು, ನಂಬರ್ ಇರುವ ಕಾರ್ಡ್ ಕೊಡಲೇಬೇಕು ಎನ್ನುತ್ತದೆ. ನಮ್ಮ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರವೂ 2017ರ ಆಗಸ್ಟ್‌ನಲ್ಲಿ ಒಂದು ಒಳ್ಳೆಯ ಕೆಲಸ ಮಾಡಿತು: ಮಂಡಿಯ ಕೀಲಿಗೆ ಬೆಲೆಯ ಮಿತಿ ಹಾಕಿ, ಬಿಲ್ಲಿನಲ್ಲಿ ಅದರ ಬ್ರ್ಯಾಂಡು, ತಯಾರಕರು, ಬ್ಯಾಚ್ ನಂಬರನ್ನು ಬೇರೆಯಾಗಿ ಬರೆಯಬೇಕೆಂದಿತು. ಆ ಆದೇಶ ಮಂಡಿಗೆ. ಒಂದೇ ಕಾಲಿನಲ್ಲಿ ಒಂದೂವರೆ ಅಡಿ ಮೇಲಿರುವ ಸೊಂಟಕ್ಕೂ ಅದೇ ಷರತ್ತು ಹಾಕಲು ಏನು ಅಡ್ಡಿಯೆಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಪ್ರತಿ ಕ್ಲೇಮಿಗೂ ಆಸ್ಪತ್ರೆ ದಾಖಲೆ ಅಪ್‌ಲೋಡ್ ಮಾಡಲೇಬೇಕು. ಹಣ ಕೊಡುವ ಸರ್ಕಾರವೇ ಇಂಪ್ಲಾಂಟಿನ ನಂಬರನ್ನೂ ಕಡ್ಡಾಯ ಮಾಡಿ, ಅದು ರೋಗಿಯ ಕಾರ್ಡಿನ ಲೆಕ್ಕದಲ್ಲಿ ಅಳಿಯದೆ ಕೂರುವಂತೆ ಮಾಡಿದರೆ ರಾಜ್ಯದ ದೊಡ್ಡದೊಂದು ರಿಜಿಸ್ಟ್ರಿ ಹೊಸ ಕಚೇರಿಯಿಲ್ಲದೆ ತಯಾರಾಗುತ್ತದೆ.

ಹಣದ ಮಾತು ಬಂತು. ಬಿ.ಪಿ.ಎಲ್. ಕುಟುಂಬಕ್ಕೆ ಈ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ರಕ್ಷಣೆ ಇದೆ, ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಇದೆ. ಹಾಸನದಲ್ಲಿ ಸರ್ಕಾರಿ ವೈದ್ಯಕೀಯ ಸಂಸ್ಥೆ ಹಿಮ್ಸ್ ಇದೆ, ಚಿಕ್ಕಮಗಳೂರಿಗೂ ಈಗ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ. ಮೊದಲ ಆಪರೇಷನ್ನಿಗೆ ಇವು ದೊಡ್ಡ ಆಸರೆ. ರಿವಿಷನ್ ಎಂದಾಗ ಉದ್ದ ಕಡ್ಡಿ, ತಂತಿ, ವಿಶೇಷ ಸೆಟ್, ಹೆಚ್ಚಿನ ರಕ್ತ, ಐ.ಸಿ.ಯು., ಇದನ್ನೇ ಹೆಚ್ಚಾಗಿ ಮಾಡುವ ಸರ್ಜನ್ ಎಲ್ಲ ಬೇಕು. ಆಗ ಹೆಚ್ಚಿನವರು ಶಿರಾಡಿ ಇಳಿದು ಮಂಗಳೂರಿಗೆ ಹೋಗುತ್ತಾರೆ, ಇಲ್ಲವೇ ಬೆಂಗಳೂರಿಗೆ. ಮುರಿದ ಕಾಲಿನಲ್ಲಿ ಘಾಟಿ ಇಳಿಯುವುದೆಂದರೆ ಏನೆಂದು ಆಂಬುಲೆನ್ಸಿನ ಹಿಂದಿನ ಸೀಟಿನಲ್ಲಿ ಕೂತವರಿಗೇ ಗೊತ್ತು. ಮಾವ ಬಿ.ಪಿ.ಎಲ್. ಅಲ್ಲ. ನಾಲ್ಕೂವರೆ ಲಕ್ಷ ಖರ್ಚಾಯಿತು, ಒಂದು ಎಕರೆಯ ಮೆಣಸಿನ ಫಸಲನ್ನು ಮುಂಗಡಕ್ಕೆ ಕೊಟ್ಟರು.

ಮುರಿದ ತುಂಡಿನ ಬಗ್ಗೆ ಯಾರೂ ಹೇಳುವುದಿಲ್ಲ, ಅದಕ್ಕೇ ಹೇಳುತ್ತೇನೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಲ್ಲಿ ದೇಹದಿಂದ ತೆಗೆದ ಲೋಹದ ಇಂಪ್ಲಾಂಟ್ ನೀಲಿ ಗುರುತಿನ ಪೆಟ್ಟಿಗೆಗೆ ಹೋಗುವ ವಸ್ತು. ಕೇಳದಿದ್ದರೆ ಅದು ಅಲ್ಲಿಗೇ ಹೋಗುತ್ತದೆ, ಇಲ್ಲವೇ ಕಂಪನಿಯವರು “ಟೆಸ್ಟಿಗೆ” ಎಂದು ಒಯ್ಯುತ್ತಾರೆ. ನಾವು ಆಪರೇಷನ್ನಿಗೆ ಎರಡು ದಿನ ಮುಂಚೆ ಬರೆದು ಕೊಟ್ಟೆವು: ತೆಗೆದ ಎಲ್ಲ ಭಾಗಗಳು ನಮಗೆ ಬೇಕು, ಫೋಟೊ ತೆಗೆದು, ಸ್ಟೆರಿಲೈಸ್ ಮಾಡಿ ಕೊಡಿ. ಡಾಕ್ಟರು ಒಪ್ಪಿದರು, ಅವರಿಗೆ ನಾನು ಋಣಿ. ಈಗ ಆ ತುಂಡುಗಳು ಮುಚ್ಚಿದ ಪೊಟ್ಟಣದಲ್ಲಿ ಮಾವನ ಬೀರುವಿನಲ್ಲಿವೆ. ಮುರಿದ ಮುಖವನ್ನು ಬಿಸಿಲಿಗೆ ಹಿಡಿದು ನೋಡಿದ್ದೇನೆ. ಮುಕ್ಕಾಲು ಭಾಗ ನುಣುಪು, ಕೆರೆಯ ನೀರು ಇಳಿದಾಗ ದಂಡೆಯಲ್ಲಿ ಉಳಿಯುವ ಗೆರೆಗಳಂತೆ ಸಾಲು ಸಾಲು ಬಳೆಗೆರೆ. ಉಳಿದ ಕಾಲು ಭಾಗ ಒರಟು, ಬೂದು. ನುಣುಪು ಭಾಗ ಬಿರುಕು ವರ್ಷಗಟ್ಟಲೆ ನಿಧಾನವಾಗಿ ಸರಿದ ದಾರಿ. ಒರಟು ಭಾಗ ಆ ಬೆಳಿಗ್ಗೆ ಜಗಲಿಯ ಮೆಟ್ಟಿಲಲ್ಲಿ ಒಂದೇ ಏಟಿಗೆ ಹೋದದ್ದು. ಲೋಹದ ತಜ್ಞರು ಸೂಕ್ಷ್ಮದರ್ಶಕದಲ್ಲಿ ಈ ಗೆರೆಗಳನ್ನು ಓದಿ ಬಿರುಕು ಎಲ್ಲಿಂದ ಶುರುವಾಯಿತು, ಲೋಹದಲ್ಲಿ ದೋಷವಿತ್ತೇ ಎಂದು ಹೇಳಬಲ್ಲರು. ತುಂಡಿನ ಕುತ್ತಿಗೆಯ ಮೇಲೆ ಸಣ್ಣ ಅಕ್ಷರ, ಅಂಕಿಗಳ ಕೊರೆತ ಇತ್ತು. ಎಷ್ಟು ಹುಡುಕಿದರೂ ಸಿಗದಿದ್ದ ಲಾಟ್ ನಂಬರ್ ಒಂಬತ್ತು ವರ್ಷ ಮಾವನ ಮೈಯೊಳಗೇ ಇತ್ತು.

ಆ ನಂಬರಿನೊಂದಿಗೆ ನಾವು ಮಾಡಿದ ಮೊದಲ ಕೆಲಸ ದೂರು ದಾಖಲಿಸಿದ್ದು. ವೈದ್ಯಕೀಯ ಸಾಧನಗಳಿಂದಾದ ತೊಂದರೆಯ ಲೆಕ್ಕ ಇಡಲು 2015ರ ಜುಲೈನಿಂದ ಮೆಟೀರಿಯೊವಿಜಿಲೆನ್ಸ್ ಎಂಬ ರಾಷ್ಟ್ರೀಯ ಕಾರ್ಯಕ್ರಮವಿದೆ. ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗ ನಡೆಸುತ್ತದೆ. ಉಚಿತ ಸಹಾಯವಾಣಿ 1800–180–3024. ಡಾಕ್ಟರೇ ಬರೆಯಬೇಕೆಂದಿಲ್ಲ, ರೋಗಿಯ ಕಡೆಯವರೂ ಹೇಳಬಹುದು. ಒಂದೇ ಬ್ಯಾಚಿನ ಹತ್ತು ದೂರು ಬೇರೆ ಬೇರೆ ಜಿಲ್ಲೆಗಳಿಂದ ಬಂದರೆ ಮಾತ್ರ ಅದು ಒಬ್ಬರ ಹಣೆಬರಹ ಅಲ್ಲ, ಮಾಲಿನ ದೋಷ ಎಂದು ಯಾರಿಗಾದರೂ ಕಾಣಿಸುವುದು.

ಗ್ರಾಹಕರ ಹಾದಿಯೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೋಷಪೂರಿತ ವಸ್ತುವಿನಿಂದಾದ ಹಾನಿಗೆ ತಯಾರಕರನ್ನು, ಮಾರಿದವರನ್ನು ಹೊಣೆ ಮಾಡುವ ಪ್ರತ್ಯೇಕ ಅಧ್ಯಾಯವಿದೆ. ತಯಾರಕರು ಯಾರೆಂದು ಗೊತ್ತಾಗದಿದ್ದರೆ ಮಾರಿದವರೇ ಹೊಣೆ ಹೊರಬೇಕಾಗುತ್ತದೆ. ಹಾಸನ, ಚಿಕ್ಕಮಗಳೂರು ಎರಡರಲ್ಲೂ ಜಿಲ್ಲಾ ಗ್ರಾಹಕ ಆಯೋಗವಿದೆ. ಎರಡು ವರ್ಷದೊಳಗೆ ದೂರು ಕೊಡಬೇಕು. ಕೀಲು ಮುರಿದ ಮಾತ್ರಕ್ಕೆ ಡಾಕ್ಟರು ತಪ್ಪಿತಸ್ಥರೆಂದು ಹೊರಡುವುದು ಅನ್ಯಾಯ. ಆಯೋಗ ಕೇಳುವುದು ತಜ್ಞರ ಅಭಿಪ್ರಾಯ, ವಸ್ತು, ದಾಖಲೆ. ದಾಖಲೆ ಕೇಳಿದ 72 ಗಂಟೆಯೊಳಗೆ ಕೊಡಬೇಕೆಂದು ಆ 2002ರ ನಿಯಮಾವಳಿಯೇ ಹೇಳುತ್ತದೆ. ಮೂರು ವರ್ಷ ಮುಗಿಯುವುದರೊಳಗೆ ಯಾರಾದರೂ ಕೇಳಿದರೆ ಆ ನಿಯಮ ನಮ್ಮ ಪರವಾಗಿ ಕೆಲಸ ಮಾಡುತ್ತದೆ.

ಆಪರೇಷನ್ ಆಗಿ ಮೂರು ವರ್ಷ ಆಗದವರು ಈ ವಾರವೇ ಆಸ್ಪತ್ರೆಗೆ ಒಂದು ಅರ್ಜಿ ಬರೆದು ಆಪರೇಷನ್ ನೋಟ್ಸ್ ಮತ್ತು ಇಂಪ್ಲಾಂಟ್ ಸ್ಟಿಕ್ಕರ್ ಇರುವ ಪುಟದ ನಕಲು ಕೇಳಿ. ಮುಂದೆ ಮಾಡಿಸಿಕೊಳ್ಳುವವರು ಡಿಸ್ಚಾರ್ಜ್ ದಿನ ಬಿಲ್ಲು ಕಟ್ಟುವ ಮೊದಲೇ ಕೇಳಿ: ಕಪ್, ಲೈನರ್, ಹೆಡ್, ಸ್ಟೆಮ್ ನಾಲ್ಕರದ್ದೂ ಬೇಕು. ಮೂರು ವರ್ಷ ದಾಟಿ ಯಾವ ಕಾಗದವೂ ಇಲ್ಲದವರಿಗೂ ದಾರಿ ಇದೆ. ನೋವಿಲ್ಲದಿದ್ದರೂ ವರ್ಷ ಎರಡು ವರ್ಷಕ್ಕೊಮ್ಮೆ ಎಕ್ಸ್‌ರೇ ತೆಗೆಸಬೇಕು, ಯಾಕೆಂದರೆ ಮೂಳೆ ಕರಗುವಾಗ ಎಷ್ಟೋ ಸಲ ನೋಯುವುದಿಲ್ಲ. ಕೂತು ಎದ್ದ ಮೊದಲ ನಾಲ್ಕು ಹೆಜ್ಜೆಗೆ ತೊಡೆಯಲ್ಲಿ ನೋವು ಹಿಡಿಯುವುದು, ಹೊಸದಾಗಿ ಕುಂಟು ಬರುವುದು, ಕಾಲು ಗಿಡ್ಡವಾದಂತೆ ಅನಿಸುವುದು ಕಂಡರೆ ತಡಮಾಡದೆ ತೋರಿಸಬೇಕು. ಮಾವನಿಗೆ ಆ ತೊಡೆನೋವು ಎಂಟು ತಿಂಗಳಿಂದ ಇತ್ತಂತೆ. ಕೊಯ್ಲು ಮುಗಿಯಲಿ ಎಂದು ಕಾದಿದ್ದರು. ಎಕ್ಸ್‌ರೇ ತೆಗೆಸಲು ಹೋದ ದಿನವೇ, ಒಳಗಿರುವುದು ಯಾವ ಮಾದರಿಯೆಂದು ಆಕಾರ ನೋಡಿ ಗುರುತಿಸಲು ಆಗುತ್ತದೆಯೇ ಎಂದು ಡಾಕ್ಟರನ್ನು ಕೇಳಿ. ಅನುಭವಸ್ಥರು ಎಷ್ಟೋ ಸಲ ಗುರುತಿಸುತ್ತಾರೆ. ಗುರುತಿಸಿದರೆ ಅದನ್ನು ಅವರ ಕೈಯಲ್ಲೇ ಚೀಟಿಯ ಮೇಲೆ ಬರೆಸಿಕೊಂಡು, ಒಂದು ಫೋಟೊ ಮಕ್ಕಳ ಫೋನಿಗೂ ಕಳಿಸಿ.